ಹಳೆಯ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ ಒಂದು ಸರ್ವರ್ ಇಟ್ಟು ನೋಡಿ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸುರಕ್ಷತಾ ಅಪ್‌ಡೇಟ್ ನಿಂತಿತು. ಅದಾದ ಮೇಲೆ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಶಾಲೆ, ಕಾಲೇಜು, ಗ್ರಂಥಾಲಯಗಳಲ್ಲಿ ಹಳೆಯ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಿ ಹೊಸದು ತರಿಸುವ ಮಾತು ಕೇಳಿಬರುತ್ತಿದೆ. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ 8ನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. 3ನೇ, 4ನೇ ತಲೆಮಾರಿನ ಐ3 ಕಂಪ್ಯೂಟರ್‌ಗಳು ಆ ಜರಡಿಯಲ್ಲಿ ನಿಲ್ಲುವುದಿಲ್ಲ, ನಿಜ. ಆದರೆ ಜರಡಿ ವಿಂಡೋಸಿನದು, ಯಂತ್ರಕ್ಕೇನೂ ಆಗಿಲ್ಲ. ಇಪ್ಪತ್ತು ಹೊಸ ಡಬ್ಬಿ ತರುವ ದುಡ್ಡಿನ ಒಂದು ಪಾಲನ್ನು ಮಿಕ್ಕವಕ್ಕೆಲ್ಲ ಬೇಕಾದ್ದನ್ನು ಒದಗಿಸುವ ಒಂದು ಕಂಪ್ಯೂಟರ್ (ಸರ್ವರ್), ಎಲ್ಲವನ್ನೂ ಕೇಬಲ್ಲಿನಿಂದ ಬೆಸೆಯುವ ಒಂದು ಒಳ್ಳೆಯ ನೆಟ್‌ವರ್ಕ್ ಸ್ವಿಚ್ ಮತ್ತು ಸರಿಯಾದ ವೈರಿಂಗಿಗೆ ಹಾಕಿದರೆ ಇರುವ ಲ್ಯಾಬೇ ಇನ್ನೂ ಹಲವು ವರ್ಷ ಓಡುತ್ತದೆ. ಅದು ಹೇಗೆ, ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿ ಸದಸ್ಯರ ಗಮನಕ್ಕೆ ತರಲು ಈ ಪತ್ರ.

ಈ ಕೆಲಸಕ್ಕೆ, ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಬಹುಕಾಲದಿಂದ ಇರುವ ಉಚಿತ ತಂತ್ರಾಂಶ ಎಲ್‌ಟಿಎಸ್‌ಪಿ, ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್. 2019ರಲ್ಲಿ ಅದನ್ನು ಬುಡದಿಂದ ಹೊಸದಾಗಿ ಬರೆದರು. ಲ್ಯಾಬಿನ ಒಂದು ಕಂಪ್ಯೂಟರ್ ಸರ್ವರ್. ಮಿಕ್ಕವಕ್ಕೆ ಹಾರ್ಡ್ ಡಿಸ್ಕೇ ಬೇಡ. ಪವರ್ ಬಟನ್ ಒತ್ತಿದ ಕೂಡಲೇ ನೆಟ್‌ವರ್ಕ್ ಕಾರ್ಡಿನಲ್ಲಿರುವ ಪಿಎಕ್ಸ್‌ಇ ಎಂಬ ಪುಟ್ಟ ಪ್ರೋಗ್ರಾಂ ಕೇಬಲ್ ಮೂಲಕ ‘ನನಗೊಂದು ವಿಳಾಸ ಕೊಡಿ, ಯಾವ ಫೈಲಿನಿಂದ ಶುರು ಮಾಡಲಿ ಹೇಳಿ’ ಎಂದು ಕೂಗುತ್ತದೆ. ಸರ್ವರ್ ಐಪಿ ವಿಳಾಸ ಮತ್ತು ಫೈಲಿನ ಹೆಸರು ಕೊಡುತ್ತದೆ. ಮೊದಲು ಐಪಿಎಕ್ಸ್‌ಇ ಎಂಬ ಚಿಕ್ಕ ಫೈಲು, ಅದರ ಬೆನ್ನಿಗೆ ಲಿನಕ್ಸ್‌ನ ತಿರುಳಾದ ಕರ್ನಲ್, ಆಮೇಲೆ ಇಡೀ ಆಪರೇಟಿಂಗ್ ಸಿಸ್ಟಂ ಇರುವ ಒಂದೇ ಒಂದು ಕುಗ್ಗಿಸಿದ ಫೈಲು, ಅದರ ಹೆಸರು ಇಮೇಜ್. ಆ ಇಮೇಜ್ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ, ಅದನ್ನು ಓದಬಹುದೇ ಹೊರತು ಬದಲಿಸಲು ಬಾರದು. ವಿದ್ಯಾರ್ಥಿ ಸೆಟ್ಟಿಂಗ್ ಏನೇ ಕೆದಕಿದರೂ ಆ ಬದಲಾವಣೆ ರ‍್ಯಾಮ್‌ನಲ್ಲಿ ಮಾತ್ರ ಕೂತಿರುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿನಂತೆ. ಮಕ್ಕಳ ಸ್ವಂತ ಫೈಲುಗಳು ಮಾತ್ರ ಸರ್ವರ್‌ನ ಡಿಸ್ಕಿನಲ್ಲಿ ಉಳಿಯುತ್ತವೆ. ಹಾಗಾಗಿ ಯಾವ ಮಗು ಯಾವ ಕಂಪ್ಯೂಟರ್ ಮುಂದೆ ಕೂತರೂ ಅದರ ಫೈಲು ಅದಕ್ಕೆ ಸಿಗುತ್ತದೆ.

ಸರ್ವರ್ ನೆಚ್ಚಿಕೊಂಡು ಓಡುವ ಕಂಪ್ಯೂಟರಿಗೆ ಕ್ಲೈಂಟ್ ಎನ್ನುತ್ತಾರೆ. ಥಿನ್ ಕ್ಲೈಂಟ್, ಫ್ಯಾಟ್ ಕ್ಲೈಂಟ್ ಎಂಬ ಎರಡು ಬಗೆಗಳನ್ನು ಬೆರೆಸಿಕೊಂಡು ಅನೇಕರು ದುಡ್ಡು ಕಳೆದುಕೊಳ್ಳುತ್ತಾರೆ. ನಮ್ಮ ಬೆಣ್ಣೆದೋಸೆ ಹೋಟೆಲನ್ನೇ ನೆನೆಯಿರಿ. ಒಂದೇ ಅಡುಗೆಮನೆಯಲ್ಲಿ ದೋಸೆ ಹೊಯ್ದು ಇಪ್ಪತ್ತು ಟೇಬಲ್ಲಿಗೆ ತಟ್ಟೆಯಲ್ಲಿ ಕಳಿಸುವುದು ಥಿನ್ ಕ್ಲೈಂಟ್: ಲೆಕ್ಕವೆಲ್ಲ ಸರ್ವರ್‌ನಲ್ಲೇ ನಡೆದು ಚಿತ್ರ ಮಾತ್ರ ಪರದೆಗೆ ಬರುತ್ತದೆ. ಹಿಟ್ಟನ್ನು ಒಂದೇ ಕಡೆ ರುಬ್ಬಿ ಇಪ್ಪತ್ತು ಕಾವಲಿಗೆ ಹಂಚುವುದು ಫ್ಯಾಟ್ ಕ್ಲೈಂಟ್: ಆಪರೇಟಿಂಗ್ ಸಿಸ್ಟಂ ಸರ್ವರ್‌ನಿಂದ ಬಂದರೂ ಓಡುವುದು ಆಯಾ ಕಂಪ್ಯೂಟರಿನ ಪ್ರೊಸೆಸರ್ ಮತ್ತು ರ‍್ಯಾಮ್ ಮೇಲೆ. ಹೊಸ ಎಲ್‌ಟಿಎಸ್‌ಪಿ ಎರಡನೆಯ ಬಗೆಯದು, ನಮ್ಮ ಶಾಲೆಗಳಿಗೆ ಬೇಕಾದದ್ದೂ ಅದೇ. ಯಾಕೆಂದರೆ ವಿಡಿಯೊ. 1920×1080 ಪರದೆಯ ಒಂದು ಚಿತ್ರ ಕುಗ್ಗಿಸದಿದ್ದರೆ ಸುಮಾರು 6.2 ಎಂಬಿ. ಸೆಕೆಂಡಿಗೆ 25 ಚಿತ್ರ ಎಂದರೆ 155 ಎಂಬಿ. ಗಿಗಾಬಿಟ್ ಕೇಬಲ್ಲಿನ ಗರಿಷ್ಠ ಸಾಮರ್ಥ್ಯವೇ ಸೆಕೆಂಡಿಗೆ 125 ಎಂಬಿ. ಒಬ್ಬ ಹುಡುಗ ಪಾಠದ ವಿಡಿಯೊ ಪೂರ್ತಿ ಪರದೆಗೆ ಹಾಕಿದರೆ ಇಡೀ ಲ್ಯಾಬಿನ ಉಸಿರು ಕಟ್ಟುತ್ತದೆ. ಕುಗ್ಗಿಸಿ ಕಳಿಸಬಹುದು, ಆಗ ಆ ಭಾರ ಸರ್ವರ್‌ನ ಪ್ರೊಸೆಸರ್ ಮೇಲೆ ಬೀಳುತ್ತದೆ. ಫ್ಯಾಟ್ ಕ್ಲೈಂಟ್‌ನಲ್ಲಿ ಈ ತಾಪತ್ರಯವಿಲ್ಲ, ದುಬಾರಿ ಸರ್ವರ್ ಕೂಡ ಬೇಕಿಲ್ಲ.

ಹಾಗಾದರೆ ಯಾವ ಹಳೆಯ ಕಂಪ್ಯೂಟರ್ ನಡೆಯುತ್ತದೆ? 64 ಬಿಟ್ ಪ್ರೊಸೆಸರ್ ಇರಬೇಕು, ರ‍್ಯಾಮ್ 2 ಜಿಬಿ ಇದ್ದರೆ ಹೇಗೋ ನಡೆಯುತ್ತದೆ, 4 ಜಿಬಿ ಇದ್ದರೆ ನಿರಾಳ. ಡಿಸ್ಕ್ ಇಲ್ಲದ ಕಾರಣ ರ‍್ಯಾಮ್ ತುಂಬಿದಾಗ ನೆರವಿಗೆ ಬರುವ ಸ್ವಾಪ್ ಜಾಗವೂ ಇರುವುದಿಲ್ಲ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದು ರ‍್ಯಾಮ್ ತುಂಬಿತೋ, ಯಂತ್ರ ಅಲ್ಲೇ ಮರಗಟ್ಟುತ್ತದೆ. ಝಡ್‌ರ‍್ಯಾಮ್ (ರ‍್ಯಾಮ್‌ನಲ್ಲೇ ಮಾಹಿತಿಯನ್ನು ಕುಗ್ಗಿಸಿಡುವ ಸೌಲಭ್ಯ) ಹಾಕಿಕೊಂಡರೆ ಸ್ವಲ್ಪ ತಡೆಯುತ್ತದೆ, ಆದರೂ ಇನ್ನೊಂದು ಡಿಡಿಆರ್3 ರ‍್ಯಾಮ್ ಕಡ್ಡಿ ಸೇರಿಸುವುದೇ ನಿಜವಾದ ಮದ್ದು. 32 ಬಿಟ್‌ನ ತೀರಾ ಹಳೆಯ ಪೆಂಟಿಯಮ್ 4ಗಳನ್ನು ಉಳಿಸಿಕೊಳ್ಳಲು ಹೋಗಬೇಡಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಕೂಡ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ. ಅವನ್ನು ಬೀದಿ ಗುಜರಿಗೆ ಕೊಡದೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಒಪ್ಪಿಸಿ.

ಸರ್ವರ್‌ಗೆ 4 ಕೋರ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ ಸಾಕು. ಒಳ್ಳೆಯ ಡೆಸ್ಕ್‌ಟಾಪ್ ಯಂತ್ರವೇ ಆಗಬಹುದು. 16 ಜಿಬಿ ಯಾಕೆ ಎಂದರೆ, ಮೊದಲ ಕಂಪ್ಯೂಟರ್ ಬೂಟ್ ಆದಾಗ ಓದಿದ ಇಮೇಜಿನ ಭಾಗಗಳು ಸರ್ವರ್‌ನ ರ‍್ಯಾಮ್‌ನಲ್ಲೇ ಉಳಿದು, ಉಳಿದ ಹತ್ತೊಂಬತ್ತಕ್ಕೂ ಅಲ್ಲಿಂದಲೇ ಬಡಿಸಲು ಬರುತ್ತದೆ. ಡಿಸ್ಕಿನಿಂದ ಮತ್ತೆ ಮತ್ತೆ ಓದುವ ಗೊಡವೆಯಿಲ್ಲ. ಎಸ್‌ಎಸ್‌ಡಿ ಯಾಕೆ ಎಂದರೆ, ಇಪ್ಪತ್ತು ಮಕ್ಕಳ ಬ್ರೌಸರ್‌ಗಳು ಅವರವರ ಹೋಂ ಫೋಲ್ಡರಿಗೆ ಒಂದೇ ಸಮನೆ ಚಿಕ್ಕಚಿಕ್ಕ ಬರಹ ಬರೆಯುತ್ತಲೇ ಇರುತ್ತವೆ. ತಿರುಗುವ ಡಿಸ್ಕಿಗೆ ಅದು ಸುಸ್ತು.

ದುಡ್ಡು ಉಳಿಸಬಾರದ ಜಾಗ ಸ್ವಿಚ್ ಮತ್ತು ಕೇಬಲ್. ಲೆಕ್ಕ ನೋಡಿ. ಒಂದು ಕಂಪ್ಯೂಟರ್ ಲಾಗಿನ್ ಆಗಿ ಬ್ರೌಸರ್ ತೆರೆಯುವಷ್ಟರಲ್ಲಿ 500 ಎಂಬಿ ಎಳೆದುಕೊಳ್ಳುತ್ತದೆ ಎಂದು ಹಿಡಿಯೋಣ. ಇಪ್ಪತ್ತಕ್ಕೆ 10 ಜಿಬಿ. ಸರ್ವರ್ ಗಿಗಾಬಿಟ್ ಪೋರ್ಟಿನಲ್ಲಿದ್ದರೆ ಸೆಕೆಂಡಿಗೆ ಸುಮಾರು 110 ಎಂಬಿಯಂತೆ ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಅದೇ ಸರ್ವರ್ ಹಳೆಯ 100 ಎಂಬಿಪಿಎಸ್ ಸ್ವಿಚ್‌ನಲ್ಲಿದ್ದರೆ ಸೆಕೆಂಡಿಗೆ 11 ಎಂಬಿ, ಒಟ್ಟು ಹದಿನೈದು ನಿಮಿಷ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಹದಿನೈದು ನಿಮಿಷ ಹೋದರೆ ಯಾವ ಮೇಷ್ಟ್ರು ಈ ವ್ಯವಸ್ಥೆಯನ್ನು ಸಹಿಸುತ್ತಾರೆ? ‘ಲಿನಕ್ಸ್ ಸ್ಲೋ’ ಎಂಬ ಅಪವಾದದ ಮೂಲ ಬಹಳ ಕಡೆ ಇದೇ. 24 ಪೋರ್ಟಿನ, ಎಲ್ಲ ಪೋರ್ಟೂ ಗಿಗಾಬಿಟ್ ಇರುವ ಸ್ವಿಚ್ ತನ್ನಿ. ವೈಫೈ ಮೇಲೆ ಈ ಬೂಟ್ ನಡೆಯುವುದಿಲ್ಲ, ಆ ಆಸೆ ಬಿಡಿ.

ಕೇಬಲ್ ಕೊಳ್ಳುವಾಗ ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಮೇಲೆ ಕೆಂಪು, ಕೆರೆದರೆ ಬೆಳ್ಳಗೆ ಕಂಡರೆ ಅದು ತಾಮ್ರದ ನೀರು ಹೊಡೆಸಿದ ಅಲ್ಯುಮಿನಿಯಂ. ಅದು ಬಗ್ಗಿಸಿದರೆ ಬೇಗ ಮುರಿಯುತ್ತದೆ, ಉದ್ದ ಹೆಚ್ಚಿದಂತೆ ಸಿಗ್ನಲ್ ಬಸವಳಿಯುತ್ತದೆ. ಎಂಟೂ ಎಳೆ ತುದಿಯ ಪ್ಲಗ್ಗಿನಲ್ಲಿ ಸರಿಯಾಗಿ ಕ್ರಿಂಪ್ ಆಗಿರಬೇಕು, ಅಂದರೆ ಒತ್ತಿ ಕೂತಿರಬೇಕು. 1, 2, 3, 6ನೇ ಎಳೆ ಇದ್ದರೆ 100 ಎಂಬಿಪಿಎಸ್ ಓಡುತ್ತದೆ, ಆದ್ದರಿಂದ ಮಿಕ್ಕ ನಾಲ್ಕರಲ್ಲಿ ಒಂದನ್ನು ಇಲಿ ಕಡಿದಿದ್ದರೂ ‘ನೆಟ್ ಬರ್ತಿದೆಯಲ್ಲ’ ಎಂದು ಸುಮ್ಮನಾಗುತ್ತಾರೆ. ಗಿಗಾಬಿಟ್‌ಗೆ ಎಂಟೂ ಬೇಕು. ಸರ್ವರ್‌ನಲ್ಲಿ ಈಥ್‌ಟೂಲ್ ಎಂಬ ಆಜ್ಞೆ ಕೊಟ್ಟರೆ ಸ್ಪೀಡ್ ಎಂಬ ಸಾಲಿನಲ್ಲಿ 1000 ಎಂದಿರಬೇಕು. 100 ಎಂದಿದ್ದರೆ ಮೊದಲು ಕೇಬಲ್ ಬದಲಿಸಿ. ಸ್ವಿಚ್‌ನಿಂದ ಯಾವ ಕಂಪ್ಯೂಟರಿಗೂ 100 ಮೀಟರ್ ದಾಟಬಾರದು.

ಇನ್ನು ಜೋಡಣೆ. ಸರ್ವರ್‌ಗೆ ಉಬುಂಟು ಮಾಟೆ ಅಥವಾ ಎಕ್ಸ್‌ಎಫ್‌ಸಿಇ ಇರುವ ಡೆಬಿಯನ್‌ನಂಥ ಹಗುರ ಡೆಸ್ಕ್‌ಟಾಪ್ ಹಾಕಿ. ಮಕ್ಕಳಿಗೆ ಬೇಕಾದ ಲಿಬ್ರೆ ಆಫೀಸ್, ಜಿಯೊಜೀಬ್ರಾ, ಜಿಕಾಂಪ್ರಿ, ಸ್ಟೆಲೇರಿಯಂ ಎಲ್ಲವನ್ನೂ ಸರ್ವರ್‌ನಲ್ಲೇ ಹಾಕಿಕೊಳ್ಳಿ, ಯಾಕೆಂದರೆ ಅದರ ಡಿಸ್ಕೇ ಇಮೇಜಿಗೆ ಅಚ್ಚು. ಆಮೇಲೆ ಎಲ್‌ಟಿಎಸ್‌ಪಿ, ವಿಳಾಸ ಮತ್ತು ಬೂಟ್ ಫೈಲು ಕೊಡುವ ಡಿಎನ್‌ಎಸ್‌ಮಾಸ್ಕ್, ಇಮೇಜ್ ಹಂಚುವ ಎನ್‌ಎಫ್‌ಎಸ್ ಸರ್ವರ್, ಲಾಗಿನ್‌ಗೆ ಓಪನ್ ಎಸ್‌ಎಸ್‌ಎಚ್ ಸರ್ವರ್, ಇಮೇಜ್ ಕುಗ್ಗಿಸುವ ಸ್ಕ್ವಾಶ್‌ಎಫ್‌ಎಸ್ ಟೂಲ್ಸ್, ಮಕ್ಕಳ ಪರದೆಗಳ ಮೇಲೆ ಕಣ್ಣಿಡಲು ಎಪಾಪ್ಟಿಸ್ ಪ್ಯಾಕೇಜ್‌ಗಳು. ನಂತರ ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ, ನಿರ್ವಾಹಕರ ಅಧಿಕಾರ ಕೊಡುವ ಸುಡೋ ಪದ ಸೇರಿಸಿ ಕೊಡಬೇಕಾದ ಆಜ್ಞೆಗಳು ಐದೇ: ಎಲ್‌ಟಿಎಸ್‌ಪಿ ಡಿಎನ್‌ಎಸ್‌ಮಾಸ್ಕ್, ಎಲ್‌ಟಿಎಸ್‌ಪಿ ಇಮೇಜ್ ಎಂದು ಬರೆದು ಮುಂದೆ ಒಂದು ಓರೆಗೆರೆ, ಎಲ್‌ಟಿಎಸ್‌ಪಿ ಐಪಿಎಕ್ಸ್‌ಇ, ಎಲ್‌ಟಿಎಸ್‌ಪಿ ಎನ್‌ಎಫ್‌ಎಸ್, ಕೊನೆಗೆ ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ. ಇಮೇಜ್ ತಯಾರಾಗುವುದಕ್ಕೆ ಮಾತ್ರ ಸಮಯ ಹಿಡಿಯುತ್ತದೆ. ಅರ್ಧದಲ್ಲಿ ಕರೆಂಟ್ ಹೋಗದಂತೆ ನೋಡಿಕೊಳ್ಳಿ. ಹಳೆಯ ಇಮೇಜನ್ನು ಅದು ತಾನಾಗಿ ಪಕ್ಕಕ್ಕಿಟ್ಟುಕೊಳ್ಳುವುದರಿಂದ ಡಿಸ್ಕಿನಲ್ಲಿ ಎರಡು ಇಮೇಜಿಗೆ ಜಾಗ ಇರಲಿ. ಹೊಸದು ಕೈಕೊಟ್ಟರೆ ಹಳೆಯದರ ಹೆಸರು ಬದಲಿಸಿ ಅವತ್ತಿನ ಪಾಠ ನಡೆಸಬಹುದು.

ಎರಡು ಆಜ್ಞೆಗಳನ್ನು ಮರೆಯುವುದರಿಂದಲೇ ಮುಕ್ಕಾಲು ಪಾಲು ಗೊಂದಲ. ಸರ್ವರ್‌ನಲ್ಲಿ ಹೊಸ ತಂತ್ರಾಂಶ ಹಾಕಿದರೂ, ಅಪ್‌ಡೇಟ್ ಮಾಡಿದರೂ ಮತ್ತೆ ಇಮೇಜ್ ಮಾಡದೆ ಅದು ಕ್ಲೈಂಟ್‌ಗಳಲ್ಲಿ ಕಾಣುವುದಿಲ್ಲ. ಹೊಸ ವಿದ್ಯಾರ್ಥಿಯ ಖಾತೆ ತೆರೆದ ಮೇಲೆ ಇನಿಟ್‌ಆರ್‌ಡಿ ಆಜ್ಞೆ ಕೊಟ್ಟು ಕ್ಲೈಂಟನ್ನು ರೀಸ್ಟಾರ್ಟ್ ಮಾಡದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಆಗದು, ಮಗು ತಾನೇ ತಪ್ಪು ಮಾಡಿದೆನೆಂದು ಅಳುಮುಖ ಮಾಡಿಕೊಂಡು ಕೂರುತ್ತದೆ. ಲಾಗಿನ್ ನಡೆಯುವುದು ಎಸ್‌ಎಸ್‌ಎಚ್ ಮೂಲಕ. ಸುರಕ್ಷತೆಗೆಂದು ಯಾರಾದರೂ ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಪಾಸ್‌ವರ್ಡ್ ಪ್ರವೇಶ ಮುಚ್ಚಿದ್ದರೆ ಒಬ್ಬರೂ ಒಳಗೆ ಹೋಗಲಾರರು.

ವಿಳಾಸ ಹಂಚುವವರು ಇಬ್ಬರಾದರೆ ಇನ್ನೊಂದು ಜಗಳ. ಶಾಲೆಯ ಇಂಟರ್ನೆಟ್ ರೂಟರ್ ಕೂಡ ಡಿಎಚ್‌ಸಿಪಿ ಎಂಬ ಕ್ರಮದಲ್ಲಿ ವಿಳಾಸ ಕೊಡುತ್ತದೆ. ಡಿಎನ್‌ಎಸ್‌ಮಾಸ್ಕ್‌ನ ಪ್ರಾಕ್ಸಿ ವಿಧಾನದಲ್ಲಿ ವಿಳಾಸ ರೂಟರಿನದು, ಬೂಟ್ ಫೈಲಿನ ಹೆಸರು ಸರ್ವರ್‌ನದು. ಇಬ್ಬರೂ ಹೊಂದಿಕೊಂಡು ಹೋಗುತ್ತಾರೆ. ಆದರೆ ಕೆಲವು ಹಳೆಯ ಮದರ್‌ಬೋರ್ಡ್‌ಗಳಿಗೆ ಈ ಪ್ರಾಕ್ಸಿ ಅರ್ಥವಾಗುವುದಿಲ್ಲ. ಆದ್ದರಿಂದ ಸರ್ವರ್‌ಗೆ ಎರಡನೇ ಲ್ಯಾನ್ ಕಾರ್ಡ್ ಹಾಕುವುದೇ ಲೇಸು. ಒಂದು ರೂಟರಿಗೆ, ಇನ್ನೊಂದು ಲ್ಯಾಬಿನ ಸ್ವಿಚ್‌ಗೆ. ಸ್ವಿಚ್ ಕಡೆಯ ಕಾರ್ಡಿಗೆ 192.168.67.1 ಎಂಬ ಸ್ಥಿರ ವಿಳಾಸ ಕೊಟ್ಟು, ಪ್ರಾಕ್ಸಿ ಡಿಎಚ್‌ಸಿಪಿಯನ್ನು ಸೊನ್ನೆ ಮಾಡಿ ಡಿಎನ್‌ಎಸ್‌ಮಾಸ್ಕ್ ಆಜ್ಞೆ ಕೊಡಿ. ಸರ್ವರ್ ಆನ್ ಆಗುವಾಗ ಆ ಕಾರ್ಡಿಗೆ ಈ ವಿಳಾಸ ಇದ್ದರೆ ಕ್ಲೈಂಟ್‌ಗಳಿಗೆ ಇಂಟರ್ನೆಟ್ ದಾರಿಯನ್ನು ಎಲ್‌ಟಿಎಸ್‌ಪಿ ತಾನೇ ತೆರೆಯುತ್ತದೆ. ಸ್ವಿಚ್ ಆಫ್ ಇದ್ದು ಲಿಂಕ್ ಬರದಿದ್ದರೆ ತೆರೆಯದೆ ಇರಬಹುದು. ಎಲ್ಲ ಬೂಟ್ ಆಗುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ. ಬೆಳಿಗ್ಗೆ ಮೊದಲು ಸ್ವಿಚ್, ಆಮೇಲೆ ಸರ್ವರ್, ಕೊನೆಗೆ ಕ್ಲೈಂಟ್ ಎಂಬ ಕ್ರಮ ಪಾಲಿಸಿ, ಇಲ್ಲವೇ ಎಲ್‌ಟಿಎಸ್‌ಪಿಯ ಸಂರಚನಾ (ಸೆಟ್ಟಿಂಗ್) ಫೈಲಿನ ಸರ್ವರ್ ಭಾಗದಲ್ಲಿ ನ್ಯಾಟ್ ಸಮ 1 ಎಂದು ಬರೆದಿಡಿ. ಯಾರಾದರೂ ವೈಫೈ ಬೇಕೆಂದು ಇನ್ನೊಂದು ರೂಟರ್ ತಂದು ಲ್ಯಾಬಿನ ಸ್ವಿಚ್‌ಗೆ ಚುಚ್ಚಿದರೆ ಅವತ್ತು ಅರ್ಧ ಕಂಪ್ಯೂಟರ್ ಬೂಟ್ ಆಗುತ್ತವೆ, ಅರ್ಧ ಆಗುವುದಿಲ್ಲ. ಹೀಗೆ ಲಂಗುಲಗಾಮಿಲ್ಲದ ತೊಂದರೆ ಕಂಡಾಗ ಮೊದಲು ಸ್ವಿಚ್ ಹತ್ತಿರ ಹೋಗಿ ಅಪರಿಚಿತ ಕೇಬಲ್ ಇದೆಯೇ ನೋಡಿ.

ಬೂಟ್ ನಿಂತಾಗ ಪರದೆಯ ಮೇಲೆ ಬರುವ ಸಂಖ್ಯೆಯನ್ನು ಓದದೆ ಯಂತ್ರವನ್ನು ದೂರಬೇಡಿ. ಇ61 ಬಂದರೆ ಕೇಬಲ್ ಸಡಿಲ. ಇ51 ಎಂದರೆ ವಿಳಾಸ ಕೊಡುವವರೇ ಸಿಗಲಿಲ್ಲ: ಸರ್ವರ್ ಆಫ್ ಇರಬೇಕು, ಡಿಎನ್‌ಎಸ್‌ಮಾಸ್ಕ್ ನಿಂತಿರಬೇಕು. ಒಳಗಿನ ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ಆದರೆ ಸ್ಪ್ಯಾನಿಂಗ್ ಟ್ರೀ ಎಂಬ ತಪಾಸಣೆ ಪ್ರತಿ ಪೋರ್ಟನ್ನೂ 30 ಸೆಕೆಂಡ್ ತಡೆದಿಡುತ್ತದೆ, ಅಷ್ಟರಲ್ಲಿ ಪಿಎಕ್ಸ್‌ಇ ಕೈಚೆಲ್ಲಿರುತ್ತದೆ. ಆ ಪೋರ್ಟುಗಳಿಗೆ ಈ ತಡೆ ತಪ್ಪಿಸುವ ಪೋರ್ಟ್‌ಫಾಸ್ಟ್ ಆನ್ ಮಾಡಬೇಕು. ಇ53 ಎಂದರೆ ವಿಳಾಸ ಸಿಕ್ಕಿತು, ಫೈಲಿನ ಹೆಸರು ಸಿಗಲಿಲ್ಲ, ಅಂದರೆ ಉತ್ತರ ಕೊಟ್ಟದ್ದು ರೂಟರ್. ಇ32 ಎಂದರೆ ಹೆಸರು ಸಿಕ್ಕಿತು, ಫೈಲು ಬರಲಿಲ್ಲ. ಸರ್ವರ್‌ನ ಫೈರ್‌ವಾಲ್ ಯುಡಿಪಿ 69ನೇ ಪೋರ್ಟನ್ನು ಮುಚ್ಚಿರುವ ಸಂಭವ ಹೆಚ್ಚು. ಬಯೋಸ್ (ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಬದಲು ಅದರ ಹೊಸ ರೂಪ ಯುಇಎಫ್‌ಐ ಇರುವ ಯಂತ್ರಗಳಲ್ಲಿ ನೆಟ್‌ವರ್ಕ್ ಸ್ಟ್ಯಾಕ್ ಆನ್, ಸೆಕ್ಯೂರ್ ಬೂಟ್ ಆಫ್ ಆಗಿರಬೇಕು. ಲ್ಯಾನ್ ಬೂಟ್ ಆಯ್ಕೆಯೇ ಇಲ್ಲದ ಹಳೆಯ ಬೋರ್ಡಿಗೆ ಐಪಿಎಕ್ಸ್‌ಇಯನ್ನು ಒಂದು ಚಿಕ್ಕ ಪೆನ್‌ಡ್ರೈವ್‌ಗೆ ಬರೆದು ಹಿಂದಿನ ಯುಎಸ್‌ಬಿಗೆ ಚುಚ್ಚಿಟ್ಟರೆ ಆಯಿತು.

ಹಳೆಯ ಲ್ಯಾಬಿನ ಅತಿ ಸಣ್ಣ, ಅತಿ ಕಿರಿಕಿರಿಯ ಕಾಯಿಲೆ ಮದರ್‌ಬೋರ್ಡಿನ ಬಿಲ್ಲೆ ಸೆಲ್, ಸಿಆರ್2032. ಅದು ಸತ್ತಿದ್ದರೆ ಪ್ಲಗ್ ತೆಗೆದಾಗಲೆಲ್ಲ ಬಯೋಸ್ ಸೆಟ್ಟಿಂಗ್ ಅಳಿಸಿಹೋಗಿ ಲ್ಯಾನ್ ಬೂಟ್ ಆಫ್ ಆಗುತ್ತದೆ. ನಿನ್ನೆ ಸರಿಯಿದ್ದದ್ದು ಇವತ್ತು ‘ಬೂಟ್ ಡಿವೈಸ್ ಇಲ್ಲ’ ಎನ್ನುತ್ತದೆ. ತಾರೀಖೂ ಹಿಂದಕ್ಕೆ ಜಾರಿ, ಬ್ರೌಸರಿನಲ್ಲಿ ಪ್ರತಿ ವೆಬ್‌ಸೈಟೂ ಸುರಕ್ಷಿತವಲ್ಲ ಎಂದು ಕೆಂಪು ತೋರಿಸುತ್ತದೆ. ಬೇಸಿಗೆ ರಜೆಯಲ್ಲಿ ಇಪ್ಪತ್ತಕ್ಕೂ ಹೊಸ ಸೆಲ್ ಹಾಕಿಬಿಡಿ. ಪೆಟ್ಟಿಗೆ ಬಿಚ್ಚಿದ್ದೀರಲ್ಲ, ಫ್ಯಾನಿನ ಧೂಳನ್ನೂ ಬ್ರಷ್‌ನಿಂದ ತೆಗೆಯಿರಿ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಗಾಳಿ–ಧೂಳಿಗೆ ಹೀಟ್‌ಸಿಂಕ್ ಕಟ್ಟಿಕೊಂಡು ಪ್ರೊಸೆಸರ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ.

ಕನ್ನಡದ ವಿಚಾರ. ಇಮೇಜ್ ಮಾಡುವ ಮುನ್ನವೇ ಕನ್ನಡ ಟೈಪಿಂಗಿಗೆ ಬೇಕಾದ ಐಬಸ್, ಅದರ ಎಂ17ಎನ್ ಭಾಗ, ಗುಬ್ಬಿ ಮತ್ತು ನವಿಲು ಫಾಂಟ್‌ಗಳನ್ನು ಹಾಕಿಕೊಳ್ಳಿ. ಎಂ17ಎನ್‌ನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿರುವುದು ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ, ಶಿಕ್ಷಕರು ಹೊಸದಾಗಿ ಬೆರಳು ಪಳಗಿಸಬೇಕಿಲ್ಲ. ಒಂದು ಖಾತೆಯಲ್ಲಿ ಎಲ್ಲ ಹೊಂದಿಸಿ ಆ ಸೆಟ್ಟಿಂಗ್ ಫೈಲುಗಳನ್ನು ಸರ್ವರ್‌ನ ಸ್ಕೆಲ್ ಫೋಲ್ಡರಿಗೆ ನಕಲು ಮಾಡಿದರೆ ಆಮೇಲೆ ತೆರೆಯುವ ಪ್ರತಿ ಖಾತೆಗೂ ಕನ್ನಡ ಸಿದ್ಧವಾಗಿ ಬರುತ್ತದೆ. ಮೊದಲೇ ತೆರೆದ ಖಾತೆಗಳಿಗೆ ಬರದು, ಆದ್ದರಿಂದ ಈ ಕೆಲಸ ಖಾತೆಗಳಿಗಿಂತ ಮುಂಚೆ ಆಗಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಯೂನಿಕೋಡ್ ಅಲ್ಲದ ಪ್ರಶ್ನೆಪತ್ರಿಕೆಗಳು ಇಲ್ಲಿ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಅವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಲೇಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ಓದಿ.

ಕರೆಂಟ್ ವಿಚಾರದಲ್ಲಿ ಈ ವ್ಯವಸ್ಥೆ ನಮ್ಮ ಊರುಗಳಿಗೆ ಹೇಳಿ ಮಾಡಿಸಿದಂತಿದೆ. ಇಪ್ಪತ್ತು ಯಂತ್ರಗಳಲ್ಲಿ ಡಿಸ್ಕೇ ಇಲ್ಲದ ಮೇಲೆ ದಿಢೀರ್ ಕರೆಂಟ್ ಹೋದರೂ ಅವುಗಳಲ್ಲಿ ಕೆಡಲು ಫೈಲ್ ಸಿಸ್ಟಮ್ ಇಲ್ಲ. ಯುಪಿಎಸ್ ಬೇಕಾದದ್ದು ಸರ್ವರ್ ಮತ್ತು ಸ್ವಿಚ್‌ಗೆ ಮಾತ್ರ, 1 ಕೆವಿಎ ಆದರೆ ಧಾರಾಳ. ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ಆರಿಸಿದರೆ ಬ್ಯಾಟರಿ ಇಳಿದಾಗ ನಟ್ ಎಂಬ ತಂತ್ರಾಂಶ ಸರ್ವರನ್ನು ಕ್ರಮವಾಗಿ ಮುಚ್ಚುತ್ತದೆ. ಲಿಬ್ರೆ ಆಫೀಸ್‌ನ ತಂತಾನೆ ಉಳಿಸುವ ಅವಧಿಯನ್ನು 10 ನಿಮಿಷದಿಂದ 3 ನಿಮಿಷಕ್ಕೆ ಇಳಿಸಿ, ಮಕ್ಕಳ ಬರಹ ಬಹುಪಾಲು ಉಳಿಯುತ್ತದೆ.

ದೊಡ್ಡ ಕೊರತೆಯನ್ನೂ ಹೇಳಲೇಬೇಕು: ಸರ್ವರ್ ನಿಂತರೆ ಇಡೀ ಲ್ಯಾಬ್ ನಿಂತಿತು. ಅದಕ್ಕೆ ಎರಡು ಸಿದ್ಧತೆ ಬೇಕು. ಮಕ್ಕಳ ಹೋಂ ಫೋಲ್ಡರ್‌ಗಳನ್ನು ಪ್ರತಿ ರಾತ್ರಿ ಆರ್‌ಸಿಂಕ್ ಮೂಲಕ ಎರಡನೇ ಡಿಸ್ಕಿಗೆ ನಕಲು ಮಾಡುವುದು ಒಂದು. ಸರ್ವರ್‌ನ ಬೋರ್ಡ್ ಸುಟ್ಟರೆ ಅದರ ಎಸ್‌ಎಸ್‌ಡಿ ಕಿತ್ತು ಲ್ಯಾಬಿನ ಒಳ್ಳೆಯ ಕಂಪ್ಯೂಟರ್ ಒಂದಕ್ಕೆ ಹಾಕುವುದು ಇನ್ನೊಂದು; ಲಿನಕ್ಸ್ ಸಾಮಾನ್ಯವಾಗಿ ತಕರಾರಿಲ್ಲದೆ ಎದ್ದು ನಿಲ್ಲುತ್ತದೆ. ಆದರೆ ಹೊಸ ಬೋರ್ಡಿನಲ್ಲಿ ಲ್ಯಾನ್ ಕಾರ್ಡಿನ ಹೆಸರು ಬದಲಾಗುವುದರಿಂದ ಸ್ಥಿರ ವಿಳಾಸ ಅಂಟುವುದಿಲ್ಲ, ಅದೊಂದನ್ನು ಕೈಯಾರೆ ತಿದ್ದಬೇಕು. ಪರೀಕ್ಷೆ ಸಮಯದಲ್ಲಿ ಮೊದಲ ಸಲ ಮಾಡುವ ಬದಲು ಜೂನ್‌ನಲ್ಲೇ ಒಮ್ಮೆ ಮಾಡಿ ನೋಡಿಟ್ಟುಕೊಳ್ಳಿ. ಬೂಟ್ ಫೈಲು ಹಂಚುವ ಟಿಎಫ್‌ಟಿಪಿ, ಇಮೇಜ್ ಹಂಚುವ ಎನ್‌ಎಫ್‌ಎಸ್‌ಗೆ ಬೀಗವಿಲ್ಲ, ಲ್ಯಾಬಿನ ಕೇಬಲ್ ಸಿಕ್ಕ ಯಾರಾದರೂ ಓದಬಹುದು. ಅಂಕಪಟ್ಟಿ, ಆಧಾರ್ ನಕಲು, ಪ್ರಶ್ನೆಪತ್ರಿಕೆ ಇತ್ಯಾದಿ ಕಚೇರಿ ಕಡತಗಳನ್ನು ಈ ಸರ್ವರ್‌ನಲ್ಲಿ ಇಡಲೇಬಾರದು.

ಹಳೆಯ ಕಂಪ್ಯೂಟರ್ ಸಾಲದೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ‘ಥಿನ್ ಕ್ಲೈಂಟ್’ ಹೆಸರಿನಲ್ಲಿ ಮಾರುವ ಸೆಕೆಂಡ್ ಹ್ಯಾಂಡ್ ಚಿಕ್ಕ ಕಂಪ್ಯೂಟರ್ ಡಬ್ಬಿ ತರುವವರಿಗೆ ಒಂದು ಎಚ್ಚರಿಕೆ. ನೋಡಲು ಒಂದೇ ಥರ ಇದ್ದರೂ ಕೆಲವು ‘ಜೀರೋ ಕ್ಲೈಂಟ್’ ಎಂಬ ಜಾತಿಯವು. ಅವುಗಳಲ್ಲಿ ಮಾಮೂಲಿ ಪ್ರೊಸೆಸರ್ ಇರುವುದಿಲ್ಲ, ಲಿನಕ್ಸ್ ಬೂಟ್ ಆಗುವುದೇ ಇಲ್ಲ. ಅಂಗಡಿಯಲ್ಲೇ ಆನ್ ಮಾಡಿಸಿ, ಬಯೋಸ್‌ನಲ್ಲಿ 64 ಬಿಟ್ ಇಂಟೆಲ್ ಅಥವಾ ಎಎಂಡಿ ಹೆಸರು, ಲ್ಯಾನ್ ಬೂಟ್ ಆಯ್ಕೆ, ರ‍್ಯಾಮ್ ಎಷ್ಟು ಎಂದು ಕಣ್ಣಾರೆ ಕಂಡು ದುಡ್ಡು ಕೊಡಿ. ಬಯೋಸ್‌ಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಇದ್ದರೆ ಬೇಡವೇ ಬೇಡ. ಮೂಲ ಅಡಾಪ್ಟರ್ ಇದೆಯೇ ಕೇಳಿ. ಡಿಸ್‌ಪ್ಲೇ ಪೋರ್ಟ್ ಮಾತ್ರ ಇರುವ ಡಬ್ಬಿಯನ್ನು ಹಳೆಯ ವಿಜಿಎ ಮಾನಿಟರ್‌ಗೆ ಸೇರಿಸಲು ಒಂದೊಂದಕ್ಕೂ ಪರಿವರ್ತಕ ಬೇಕಾಗುತ್ತದೆ, ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ಲಿನಕ್ಸ್ ಮೇಲೆ ನಡೆಯುತ್ತಿದೆ, ಆದ್ದರಿಂದ ಮಕ್ಕಳಿಗೆ ಕಷ್ಟವಾಗುತ್ತದೆ ಎಂಬ ಆತಂಕ ಬೇಡ. ಎರಡೂ ಜಿಲ್ಲೆಗಳ ಶಿಕ್ಷಣ ಇಲಾಖೆ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟು: ಮುಂದಿನ ಟೆಂಡರ್ ಬರೆಯುವಾಗ ‘ಇಷ್ಟು ಕಂಪ್ಯೂಟರ್’ ಎಂದಷ್ಟೇ ಬರೆಯದೆ ಗಿಗಾಬಿಟ್ ಸ್ವಿಚ್, ಶುದ್ಧ ತಾಮ್ರದ ಕ್ಯಾಟ್ 6 ಕೇಬಲ್, ಸರ್ವರ್‌ಗೆ ಎಸ್‌ಎಸ್‌ಡಿ, ಎರಡು ಲ್ಯಾನ್ ಕಾರ್ಡ್, ಯುಪಿಎಸ್ ಮತ್ತು ಒಬ್ಬರಲ್ಲ, ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಎಂದು ಸ್ಪಷ್ಟವಾಗಿ ಸೇರಿಸಬೇಕು. ಒಬ್ಬರೇ ಕಲಿತಿದ್ದರೆ ಅವರ ವರ್ಗಾವಣೆಯ ದಿನ ಸರ್ವರ್‌ನ ಪಾಸ್‌ವರ್ಡ್ ಕೂಡ ವರ್ಗವಾಗಿ ಹೋಗುತ್ತದೆ. ಪಾಸ್‌ವರ್ಡ್ ಬರೆದು ಲಕೋಟೆಗೆ ಅರಗು ಹಾಕಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿಡಿ. ಸರ್ವರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ತೂಗುಹಾಕಿ, ಇಮೇಜ್ ಮಾಡಿದ ತಾರೀಖು, ಹಾಕಿದ ತಂತ್ರಾಂಶ, ಬದಲಿಸಿದ ಸೆಲ್, ಯಾವ ಟೇಬಲ್ಲಿಗೆ ಸ್ವಿಚ್‌ನ ಯಾವ ಪೋರ್ಟ್ ಎಂಬುದನ್ನು ಬರೆಯುತ್ತ ಹೋಗಿ. ಮೊದಲ ತಿಂಗಳು ಐದೇ ಕಂಪ್ಯೂಟರ್ ಜೋಡಿಸಿ, ಮಿಕ್ಕ ಹದಿನೈದರ ಹಾರ್ಡ್ ಡಿಸ್ಕನ್ನು ಹಾಗೇ ಬಿಡಿ. ಬಯೋಸ್‌ನಲ್ಲಿ ಬೂಟ್ ಕ್ರಮ ಬದಲಿಸುವುದಷ್ಟೇ ಕೆಲಸವಾದ್ದರಿಂದ, ಬೇಡವೆನಿಸಿದ ದಿನ ಹಿಂದಿನಂತೆ ನಡೆಸಬಹುದು.

— ಶಾಲಾ ಕಂಪ್ಯೂಟರ್ ಲ್ಯಾಬ್‌ಗಳ ನಿರ್ವಹಣೆ ಮಾಡುವವರು, ದಾವಣಗೆರೆ